ಸೈಕಾಲಜಿಸ್ಟಾ, ಸೈಕಿಯಾಟ್ರಿಸ್ಟಾ? ತಮ್ಮನನ್ನು ಮೊದಲು ಯಾರಿಗೆ ತೋರಿಸಬೇಕು?

ನಿಮ್ಮ ತಮ್ಮ ರಾತ್ರಿಯೆಲ್ಲ ಎದ್ದಿರುತ್ತಾನೆ, ಪಕ್ಕದ ಮನೆಯವರು ತನ್ನ ಬಗ್ಗೆಯೇ ಮಾತಾಡುತ್ತಾರೆ ಎನ್ನುತ್ತಾನೆ ಎಂದು ಬರೆದಿದ್ದೀರಿ. ನಮ್ಮಣ್ಣನಿಗೂ ಹೀಗೇ ಶುರುವಾಗಿದ್ದು. ಕಿಟಕಿಗೆಲ್ಲ ಪೇಪರ್ ಅಂಟಿಸಿದ. ಫೋನನ್ನು ಅಕ್ಕಿ ಡಬ್ಬದಲ್ಲಿ ಹೂತಿಟ್ಟ. ಊಟವನ್ನು ಮೊದಲು ಅವ್ವ ತಿಂದು ತೋರಿಸಬೇಕಿತ್ತು.

ನಾವು ಹೋಗಿದ್ದು ಕೌನ್ಸೆಲರ್ ಹತ್ತಿರ. ಆಗ ಮನೆಯಲ್ಲಿ ನನ್ನ ಮದುವೆ ಮಾತು ನಡೆಯುತ್ತಿತ್ತು. ಸೈಕಿಯಾಟ್ರಿಸ್ಟ್ ಬೋರ್ಡ್ ಕೆಳಗೆ ಯಾರಾದರೂ ನಮ್ಮನ್ನು ನೋಡಿದರೆ ಎಂಬ ಭಯ ಅಪ್ಪನಿಗೆ. ಮಾತ್ರೆ ಶುರು ಮಾಡಿದರೆ ಚಟವಾಗುತ್ತದೆ ಅಂತ ಹಟ ಹಿಡಿದದ್ದು ನಾನು. ಕೌನ್ಸೆಲರ್ ಒಳ್ಳೆಯವರೇ. ಆದರೆ ನಾವು ಅವರಿಗೆ ಹೇಳಿದ್ದು 'ಸ್ವಲ್ಪ ಟೆನ್ಷನ್' ಅಂತ ಮಾತ್ರ. ಅಕ್ಕಿ ಡಬ್ಬದ ವಿಷಯ ಹೇಳಲಿಲ್ಲ. ಅಣ್ಣನೂ ತನಗೆ ಕೇಳಿಸುವ ದನಿಗಳ ಬಗ್ಗೆ ಬಾಯಿ ಬಿಡಲಿಲ್ಲ. ತಿಂಗಳುಗಟ್ಟಲೆ ಹೀಗೇ ಹೋಯಿತು. ಅವನ ಕೆಲಸವೂ ಹೋಯಿತು. ಕೊನೆಗೆ ಗೊತ್ತಾಗಿದ್ದು ಸೈಕೋಸಿಸ್, ಅಂದರೆ ಇಲ್ಲದ ದನಿ ಕೇಳಿಸುವ, ಇಲ್ಲದ್ದನ್ನು ನಿಜವೆಂದು ನಂಬುವ ಸ್ಥಿತಿ. ಅದರಲ್ಲಿ ಚಿಕಿತ್ಸೆ ತಡವಾದಷ್ಟೂ ಚೇತರಿಕೆ ಕಷ್ಟ. ಅದಕ್ಕೆ ಕೊಡುವ ಮಾತ್ರೆಗಳು ಚಟ ಹಿಡಿಸುವಂಥವೂ ಅಲ್ಲ. ಮಂಪರು ಬರಬಹುದು, ತೂಕ ಏರಬಹುದು. ಹೇಳಿದರೆ ಡಾಕ್ಟರು ಡೋಸ್ ಅಥವಾ ಮಾತ್ರೆ ಬದಲಿಸುತ್ತಾರೆ. ಇಷ್ಟನ್ನು ಯಾರನ್ನಾದರೂ ಮೊದಲೇ ಕೇಳಿದ್ದರೆ ಸಾಕಿತ್ತು.

ಅದಕ್ಕೇ ಇಬ್ಬರಲ್ಲಿ ಯಾರು ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ, ಇಬ್ಬರೂ ಬೇಕು. ನೀವು ಬರೆದ ಲಕ್ಷಣಗಳಿಗೆ ಮೊದಲು ಸೈಕಿಯಾಟ್ರಿಸ್ಟ್. ಅವರು ಎಂಬಿಬಿಎಸ್ ಮಾಡಿ ಮನೋವೈದ್ಯಕೀಯ ಓದಿದವರು, ಔಷಧಿ ಬರೆಯಬಲ್ಲವರು. ಮಾತಿನ ಮೂಲಕ ಚಿಕಿತ್ಸೆ ಕೊಡುವ ಕ್ಲಿನಿಕಲ್ ಸೈಕಾಲಜಿಸ್ಟ್ ಆಮೇಲೆ ಬೇಕೇ ಬೇಕು. ಅವರಿಗೆ ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿ ಇದೆಯಾ ಎಂದು ಸಂಕೋಚವಿಲ್ಲದೆ ಕೇಳಿ.

ಯಾರೂ ಹೆಸರೆತ್ತದ ಇನ್ನೊಬ್ಬರಿದ್ದಾರೆ, ರೋಗಿಯ ಮನೆಯವರ ಜೊತೆಗೂ ಕೆಲಸ ಮಾಡುವ ಸೈಕಿಯಾಟ್ರಿಕ್ ಸೋಷಿಯಲ್ ವರ್ಕರ್. ನಮ್ಮ ಮನೆ ಉಳಿಸಿದ್ದು ಅವರು. ಅಣ್ಣನಿಗೆ ಕೇಳಿಸುವುದನ್ನು ಸುಳ್ಳು ಅಂತ ವಾದ ಮಾಡಬೇಡಿ, ನಿಜ ಅಂತ ಒಪ್ಪಲೂಬೇಡಿ, 'ಭಯವಾಗ್ತಿದೆ ಅಲ್ವಾ?' ಅಂತ ಕೇಳಿ ಎಂದು ಅವ್ವನಿಗೆ ಕಲಿಸಿದರು. ಅಂದಿನಿಂದ ಮನೆಯಲ್ಲಿ ಕೂಗಾಟ ಕಡಿಮೆಯಾಯಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ, ಅದಕ್ಕೆ ಸರ್ಟಿಫಿಕೇಟ್ ಸಿಗುತ್ತದೆ ಎಂದು ತಿಳಿಸಿದ್ದೂ ಅವರೇ.

ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್‌ ಎಂಬ ಮಾನಸಿಕ ಆರೋಗ್ಯ ಸಂಸ್ಥೆಗಳಲ್ಲಿ ಇವರೆಲ್ಲ ಒಂದೇ ಕಡೆ ಸಿಗುತ್ತಾರೆ. ದೂರವಾದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗಕ್ಕೆ ಹೋಗಿ. ತಮ್ಮ ಬರಲು ಒಪ್ಪದಿದ್ದರೆ ನೀವೇ ಇವತ್ತು 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 2022ರಲ್ಲಿ ಶುರುವಾಗಿದ್ದು. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ತಮ್ಮ ಸಾಯುವ ಮಾತಾಡಿದರೆ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ, ನೇರ ಎಮರ್ಜೆನ್ಸಿಗೆ ಕರೆದೊಯ್ಯಿರಿ.

ಡಾಕ್ಟರ ಬಳಿ ಹೋಗುವ ಮೊದಲು ನಿದ್ದೆ ಯಾವಾಗ ಕೆಟ್ಟಿತು, ಏನೇನು ಹೇಳುತ್ತಾನೆ, ಊಟ ಹೇಗಿದೆ ಎಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಎದುರಿಗೆ ಕೂತಾಗ ಅರ್ಧ ಮರೆತುಹೋಗುತ್ತದೆ.