ಟ್ಯಾಲಿಯಿಂದ ಡೇಟಾ ಅನಾಲಿಸಿಸ್‌ಗೆ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ.)

ಬಂದವರಿಗೆ 34 ವರ್ಷ. ಬಿ.ಕಾಂ. ಮುಗಿಸಿ, ಹಾರ್ಡ್‌ವೇರ್ ಸಗಟು ಅಂಗಡಿಯಲ್ಲಿ 9 ವರ್ಷದಿಂದ ಟ್ಯಾಲಿ (ಲೆಕ್ಕಪತ್ರದ ಸಾಫ್ಟ್‌ವೇರ್), ಜಿಎಸ್‌ಟಿ ನೋಡಿಕೊಳ್ಳುತ್ತಿದ್ದಾರೆ. ಡೇಟಾ ಅನಾಲಿಸ್ಟ್ ಆಗಬೇಕೆಂಬ ಆಸೆ. 40 ಕಡೆ ಅರ್ಜಿ ಹಾಕಿದರೂ ಒಂದು ಕರೆ ಬಂದಿಲ್ಲ. ಇದ್ದ ಕೆಲಸ ಬಿಟ್ಟು, ಸಾಲ ಮಾಡಿ 1.8 ಲಕ್ಷ ರೂಪಾಯಿಯ ಕೋರ್ಸಿಗೆ ಸೇರಲು ಹೊರಟಿದ್ದರು. "ನನಗೆ ಅನುಭವವೇ ಇಲ್ಲವಲ್ಲ" ಎನ್ನುವುದು ಅವರ ಕೊರಗು.

ರೆಸ್ಯೂಮೆಯಲ್ಲಿ 9 ವರ್ಷದ ದುಡಿಮೆಗೆ ಒಂದೇ ಸಾಲು: "ಅಕೌಂಟ್ಸ್, ಜಿಎಸ್‌ಟಿ ಫೈಲಿಂಗ್". ಹಾಗಾಗಿ ತಿಂಗಳ 14ರ ನಂತರ ಏನು ಮಾಡುತ್ತೀರಿ ಎಂದು ಕೇಳಿದೆ. ಆಗ ಮಾತು ಬಿಚ್ಚಿತು. 14ಕ್ಕೆ ಜಿಎಸ್‌ಟಿಆರ್-2ಬಿ (ಪೂರೈಕೆದಾರರು ಸಲ್ಲಿಸಿದ ಬಿಲ್ಲುಗಳ ಪಟ್ಟಿ) ಬರುತ್ತದೆ, 20ರೊಳಗೆ 3ಬಿ (ತಿಂಗಳ ತೆರಿಗೆ ರಿಟರ್ನ್) ಸಲ್ಲಿಸಬೇಕು. ಅಷ್ಟರಲ್ಲಿ ಸುಮಾರು 400 ಖರೀದಿ ಬಿಲ್ಲು 2ಬಿ ಜೊತೆ ತಾಳೆಯಾಗಬೇಕು. ಅಂಗಡಿಯ ಪುಸ್ತಕದಲ್ಲಿ ಬಿಲ್ ಸಂಖ್ಯೆ "ಎಚ್‌ಟಿ/023" ಎಂದಿದ್ದದ್ದು 2ಬಿಯಲ್ಲಿ "ಎಚ್‌ಟಿ-23" ಆಗಿರುತ್ತದೆ. ಎಕ್ಸೆಲ್‌ನಲ್ಲಿ ಸಾಲು ಹುಡುಕಿ ಹೊಂದಿಸುವ ವಿ-ಲುಕಪ್ ಸೂತ್ರಕ್ಕೆ ಇವೆರಡೂ ಬೇರೆ ಬೇರೆ. ಇವರು ಗೆರೆ, ಅಂಕಿಯ ಮೊದಲಿನ ಸೊನ್ನೆ ಕಿತ್ತುಹಾಕಿ, ಪೂರೈಕೆದಾರರ 15 ಅಕ್ಷರದ ಜಿಎಸ್‌ಟಿಐಎನ್‌ಗೆ (ಜಿಎಸ್‌ಟಿ ನೋಂದಣಿ ಸಂಖ್ಯೆಗೆ) ಬಿಲ್ ಸಂಖ್ಯೆ ಅಂಟಿಸಿ, ಆ ಹೊಸ ಕಾಲಂ ಮೇಲೆ ಹೊಂದಿಸುತ್ತಿದ್ದರು. ಡೇಟಾ ಶುಚಿ ಮಾಡುವುದು, ಕೀ (ಸಾಲು ಗುರುತಿಸುವ ಕಾಲಂ) ಕಟ್ಟುವುದು ಎಂದು ಕೋರ್ಸಿನವರು ಕಲಿಸಲಿದ್ದದ್ದು ಇದನ್ನೇ.

ಕೊಟ್ಟ ಸಲಹೆ: ಕೆಲಸ ಬಿಡುವುದು ಬೇಡ, ಸಾಲವಂತೂ ಬೇಡವೇ ಬೇಡ. ಇಂಥ ಸಾಲ ಹೆಚ್ಚಾಗಿ ಬೇರೊಂದು ಹಣಕಾಸು ಸಂಸ್ಥೆಯದು; ತರಗತಿ ಅರ್ಧಕ್ಕೆ ನಿಂತರೂ ಕಂತು ಕೇಳುತ್ತಲೇ ಇರುತ್ತಾರೆ. ಆರು ತಿಂಗಳು, ದಿನಕ್ಕೆ ಒಂದೂವರೆ ಗಂಟೆ ಸಾಕು. ಮೊದಲ ಆರು ವಾರ ಡೇಟಾ ಶುಚಿ ಮಾಡಲು ಎಕ್ಸೆಲ್‌ನಲ್ಲೇ ಇರುವ ಪವರ್ ಕ್ವೆರಿ, ಮುಂದಿನ ಹತ್ತು ವಾರ ಎಸ್‌ಕ್ಯೂಎಲ್ (ಡೇಟಾಬೇಸ್‌ನಿಂದ ಮಾಹಿತಿ ತೆಗೆಯುವ ಭಾಷೆ), ಉಳಿದದ್ದು ಪವರ್ ಬಿಐ (ಚಾರ್ಟ್, ವರದಿ ಮಾಡುವ ಸಾಫ್ಟ್‌ವೇರ್). ಎಸ್‌ಕ್ಯೂಎಲ್ ಕಲಿಯಲು ಮೈಎಸ್‌ಕ್ಯೂಎಲ್ ಡೇಟಾಬೇಸ್, ಪವರ್ ಬಿಐ ಡೆಸ್ಕ್‌ಟಾಪ್ ಎರಡೂ ಉಚಿತ. ಪೈಥಾನ್ ಪ್ರೋಗ್ರಾಮಿಂಗ್ ಭಾಷೆ ಸದ್ಯಕ್ಕೆ ಬೇಡ.

ತೋರಿಸಲು ಒಂದೇ ಪ್ರಾಜೆಕ್ಟ್, ಅದೇ 2ಬಿ ತಾಳೆ. ಮಾಲೀಕರ ಡೇಟಾದ ಒಂದು ಸಾಲನ್ನೂ ಮುಟ್ಟಬಾರದು. 500 ಸಾಲಿನ ಕಲ್ಪಿತ ಖರೀದಿ ಪಟ್ಟಿ ಮಾಡಿ, ಬೇಕೆಂದೇ ತಪ್ಪು ಸೇರಿಸಿ ಎಂದೆ. ಹುಷಾರಾಗಿರಬೇಕಾದದ್ದು ಲೆಫ್ಟ್ ಜಾಯಿನ್‌ನಲ್ಲಿ (ಮೊದಲ ಪಟ್ಟಿಯ ಎಲ್ಲ ಸಾಲು ಉಳಿಸಿಕೊಂಡು ಎರಡನೆಯದನ್ನು ಕೀ ಮೂಲಕ ಜೋಡಿಸುವುದು): ಎರಡು ತೆರಿಗೆ ದರದ ಬಿಲ್ಲು ಖರೀದಿ ಪಟ್ಟಿ, 2ಬಿ ಎರಡರಲ್ಲೂ ಎರಡೆರಡು ಸಾಲಾಗಿದ್ದರೆ ಜಾಯಿನ್ ಆದಮೇಲೆ ನಾಲ್ಕಾಗುತ್ತದೆ, ತೆರಿಗೆ ಮೊತ್ತ ಉಬ್ಬುತ್ತದೆ. ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಸಾಲು ಎಣಿಸಲೇಬೇಕು.

ಅರ್ಜಿ ಹಾಕುವ ಹುದ್ದೆಯನ್ನೂ ಬದಲಿಸಿದೆವು. "ಡೇಟಾ ಅನಾಲಿಸ್ಟ್" ಎಂದರೆ ಹೊಸ ಎಂಜಿನಿಯರುಗಳ ನೂಕುನುಗ್ಗಲು. ಎಂಐಎಸ್ ಎಕ್ಸಿಕ್ಯೂಟಿವ್ (ಸಂಸ್ಥೆಯ ಆಡಳಿತಕ್ಕೆ ವರದಿ ತಯಾರಿಸುವವರು), ಜಿಎಸ್‌ಟಿ ರಿಕನ್ಸಿಲಿಯೇಷನ್ (ಬಿಲ್ ತಾಳೆ) ಹುದ್ದೆಗಳಲ್ಲಿ ಇವರ 9 ವರ್ಷಕ್ಕೆ ಬೆಲೆ ಇದೆ. ಬೆಂಗಳೂರಿಗೆ ಹೋಗುವುದಾದರೆ ಮನೆ ಅಡ್ವಾನ್ಸ್ ಮತ್ತು ಮೂರು ತಿಂಗಳ ಖರ್ಚು ಕೈಯಲ್ಲಿದ್ದ ಮೇಲೆಯೇ.

ನಾಲ್ಕು ತಿಂಗಳ ನಂತರ ಲ್ಯಾಪ್‌ಟಾಪ್ ಹಿಡಿದು ಬಂದರು. ಜಾಯಿನ್ ಆದಮೇಲೆ 500 ಸಾಲು 524 ಆಗಿತ್ತಂತೆ. ಎರಡು ದರದ 12 ಬಿಲ್ಲುಗಳೇ ಕಾರಣವೆಂದು ಅವರೇ ಹುಡುಕಿದ್ದರು. ಸಂದರ್ಶನದಲ್ಲಿ ಮೊದಲು ಇದನ್ನೇ ಹೇಳಿ ಎಂದೆ.