ಹಳೇ ಡಾಸ್ ಮೆನು ಟೂಲ್‌ಕಿಟ್ಟನ್ನು ಈಗಿನ ಬಣ್ಣದ ಸ್ಕ್ರೀನಿಗೆ ತರಲು ಎಲ್ಲಾ ಹೊಸದಾಗಿ ಬರೆಯಬೇಕಾ?

ಬೇಡ. ಹಾಗೆ ಅಂದುಕೊಂಡೇ ನಾನು ಎರಡು ವಾರ ದಂಡ ಮಾಡಿಕೊಂಡೆ.

ವಿಂಡೋಸಿಗೂ ಮುಂಚಿನ ಡಾಸ್ ಕಾಲದಲ್ಲಿ ಕಪ್ಪುಬಿಳುಪು ಮಾನಿಟರಿಗೆಂದು ಸಿ ಭಾಷೆಯಲ್ಲಿ ಬರೆದ ಮೆನು ಕೋಡ್ ಕೈಗೆ ಬಂದಿದೆ, ಬಣ್ಣ ಹೇಗೆ ತರುವುದು ಅಂತ ಕೇಳಿದ್ದೀರಿ. ಬದಿಯಡ್ಕದ ನಮ್ಮ ಮಾವನ ಅಡಿಕೆ ಅಂಗಡಿಯಲ್ಲಿ ಇಂಥದ್ದೇ ಒಂದಿತ್ತು. ಟರ್ಬೊ ಸಿಯಲ್ಲಿ ಅವರೇ ಬರೆದದ್ದು. ಹೊಸತು, ಹಳತು, ಡಬಲ್ ಚೋಲ್, ಪಟೋರ, ಕರಿಗೋಟು ಅಂತ ಅಡಿಕೆಯ ತರಗಳದ್ದೇ ಸಾಲಾಗಿ ಮೆನು, ಇಂಗ್ಲಿಷ್ ಅಕ್ಷರದಲ್ಲಿ. 64 ಬಿಟ್ ವಿಂಡೋಸ್ ಅದನ್ನು ಮುಟ್ಟಲೇ ಇಲ್ಲ. ಹಳೇ ಡಾಸ್ ಪ್ರೋಗ್ರಾಂ ಓಡಿಸುವ ಡಾಸ್‌ಬಾಕ್ಸಿನಲ್ಲಿ ಹಾಕಿದರೆ ಸ್ಕ್ರೀನ್ ಖಾಲಿ. ಸ್ಕ್ರೀನಿಗೆ ಚಿತ್ರ ಕಳಿಸುವ ಕಪ್ಪುಬಿಳುಪು ಕಾರ್ಡಿನ ಮೆಮೊರಿ ಬಿ000 ಅನ್ನುವ ವಿಳಾಸದಲ್ಲಿ, ಬಣ್ಣದ್ದು ಬಿ800ರಲ್ಲಿ. ವಿಳಾಸ ಬದಲಿಸಿದೆ, ಮೆನು ಬಂತು. ಆದರೆ ಪಟೋರದ ‘ಪಿ’ ಕಾಣೆ! ಕಣ್ಣು ಕಿರಿದು ಮಾಡಿ ನೋಡಿದರೆ ಕಪ್ಪಿನ ಮೇಲೆ ಕಡುನೀಲಿಯಲ್ಲಿ ಅಡಗಿ ಕೂತಿತ್ತು. ಎಲ್ಲ ಸಾಲಿನ ಮೊದಲ ಅಕ್ಷರದ್ದೂ ಅದೇ ಕಥೆ.

ಕಾರಣ ಸಣ್ಣದು. ಪ್ರತಿ ಅಕ್ಷರದ ಜೊತೆ ಅದು ಹೇಗೆ ಕಾಣಬೇಕು ಅಂತ ಹೇಳುವ ಇನ್ನೊಂದು ಬೈಟ್ ಇರುತ್ತದೆ. ಕಪ್ಪುಬಿಳುಪು ಕಾರ್ಡಿನಲ್ಲಿ ಅದು 1 ಆದರೆ ಅಡಿಗೆರೆ. ಬಣ್ಣದ ಕಾರ್ಡಿನಲ್ಲಿ ಅದೇ 1 ಅಂದರೆ ನೀಲಿ. ಒತ್ತಬೇಕಾದ ಕೀ ಗೊತ್ತಾಗಲಿ ಅಂತ ಮಾವ ಅಡಿಗೆರೆ ಹಾಕಿದ್ದರು, ಪಾಪ.

ಹಾಗಾಗಿ ಮೊದಲು ಮಾಡಬೇಕಾದ್ದು ಬಣ್ಣ ಆರಿಸುವುದಲ್ಲ. ಕೋಡಿನಲ್ಲಿ ಚೆಲ್ಲಾಪಿಲ್ಲಿಯಾಗಿರುವ ಈ ಬೈಟಿನ 7, 70 (ಹೆಕ್ಸ್ ಲೆಕ್ಕದಲ್ಲಿ), 1 ಎಲ್ಲವನ್ನೂ ಹೆಕ್ಕಿ ಒಂದೇ ಪಟ್ಟಿಗೆ ತನ್ನಿ. ಪಟ್ಟಿಯಲ್ಲಿ ‘ನೀಲಿ’, ‘ಕೆಂಪು’ ಅಂತ ಹೆಸರಿಡಬೇಡಿ. ‘ಸಾದಾ ಸಾಲು’, ‘ಆರಿಸಿದ ಸಾಲು’, ‘ಕೀ ಅಕ್ಷರ’, ‘ತಪ್ಪು’ ಅಂತ ಇಡಿ. ಮೆನು ತೆರೆಯುವ, ಬಾಣದ ಕೀಗೆ ಸರಿಯುವ ಭಾಗವನ್ನು ಮುಟ್ಟಲೇಬೇಡಿ. ಅದು ಚೆನ್ನಾಗಿಯೇ ಇರುತ್ತದೆ.

ಆಮೇಲೆ ಸ್ಕ್ರೀನಿಗೆ ಬರೆಯುವ ಒಂದೆರಡು ಫಂಕ್ಷನ್ ಮಾತ್ರ ಬದಲಿಸಿ. ಮೆಮೊರಿಗೆ ನೇರ ಬರೆಯುವ ಬದಲು ಎಸ್ಕೇಪ್ ಕೋಡ್ ಕಳಿಸಿ, ಅಂದರೆ ಅಕ್ಷರಗಳ ನಡುವೆ ಬಣ್ಣ, ಜಾಗ ಹೇಳುವ ಸೂಚನೆ. ಲಿನಕ್ಸ್ ಟರ್ಮಿನಲ್ಲಿಗೂ ಅರ್ಥವಾಗುತ್ತದೆ, ವಿಂಡೋಸ್ 10ಕ್ಕೂ ಆಗುತ್ತದೆ. ಇಲ್ಲೊಂದು ಗುಂಡಿ ಇದೆ, ನಾನು ಬಿದ್ದದ್ದು. ಹಳೇ ಕಾರ್ಡಿನಲ್ಲಿ 1 ನೀಲಿ, 4 ಕೆಂಪು. ಎಸ್ಕೇಪ್ ಕೋಡಿನಲ್ಲಿ 1 ಕೆಂಪು, 4 ನೀಲಿ. 3 ಮತ್ತು 6 ಕೂಡ ಹೀಗೇ ಅದಲುಬದಲು. ಆರಿಸಿದ ಸಾಲಿಗೆ ನಾನಿಟ್ಟ ನೀಲಿ ಹಿನ್ನೆಲೆ ಕಡುಕೆಂಪಾಗಿ ಬಂತು. ಅಂಗಡಿಯ ಹುಡುಗ ಒಂದೊಂದು ಸಲ ಬಾಣ ಒತ್ತುವಾಗಲೂ ಏನೋ ತಪ್ಪಾಯ್ತು ಅಂತ ಕೈ ತೆಗೆಯುತ್ತಿದ್ದ.

ಹಳೇ ಬಣ್ಣವೇ ಬೇಕಿದ್ದರೆ ನಂಬರ್ ಬಿಟ್ಟು ನೇರ ಕೆಂಪು-ಹಸಿರು-ನೀಲಿ ಅಳತೆ ಕೊಡಿ. 6ನೇ ಬಣ್ಣ, ಅಂದರೆ ಕಂದು, 170, 85, 0. ಸುಮ್ನೆ ಲೆಕ್ಕ ಹಾಕಿದರೆ 170, 170, 0 ಬರುತ್ತದೆ, ಅದು ಕೊಳೆ ಹಳದಿ. ಐಬಿಎಂನ ಬಣ್ಣದ ಮಾನಿಟರಿನೊಳಗೇ ಹಸಿರನ್ನು ಅರ್ಧ ಮಾಡುವ ವ್ಯವಸ್ಥೆ ಇತ್ತು. ಮಿನುಗುವ ಅಕ್ಷರಕ್ಕೆ ಕೈ ಮುಗಿದು ಬಿಡಿ.

ಮೆನು ಕನ್ನಡದಲ್ಲಿ ಬೇಕು ಅನ್ನುವ ಆಸೆ ಇದೆಯಾ? ನನಗಿತ್ತು. ‘ಅಡಿಕೆ’ ಕಣ್ಣಿಗೆ ಮೂರು ಅಕ್ಷರ, ಕನ್ನಡವನ್ನು ಬೈಟ್‌ಗಳಾಗಿ ಇಡುವ ಯುಟಿಎಫ್-8ರಲ್ಲಿ 15 ಬೈಟ್. ಹಳೇ ಕೋಡ್ ಬೈಟ್ ಎಣಿಸಿ ಜಾಗ ತುಂಬುತ್ತದೆ, ಬಲಗಡೆಯ ಗೆರೆ ಸೊಟ್ಟ ಆಗುತ್ತದೆ. ಎಣಿಸುವ ಗೋಜೇ ಬೇಡ. ಮೊದಲು ಇಡೀ ಸಾಲು ಅಳಿಸಿ, ಪದ ಬರೆದು, ಕರ್ಸರನ್ನು ನೇರ ಬಲ ಅಂಚಿನ ಕಾಲಮ್ಮಿಗೆ ಕಳಿಸಿ ಗೆರೆ ಎಳೆಯಿರಿ.

ಎಲ್ಲಾ ಮುಗಿಸಿ ಮಾವನಿಗೆ ತೋರಿಸಿದೆ. ಬಣ್ಣದ ಬಗ್ಗೆ ಒಂದು ಮಾತಿಲ್ಲ. ‘ಅಡಿಗೆರೆ ಎಲ್ಲಿ ಹೋಯ್ತು?’ ಅಂದರು. ಎಸ್ಕೇಪ್ ಕೋಡಿನಲ್ಲಿ ಅದು ಬರೀ 4, ಬಣ್ಣದ ನಂಬರ್ 4 ಬೇರೆ. ಪಟ್ಟಿಯ ‘ಕೀ ಅಕ್ಷರ’ದ ಸಾಲಿಗೆ ಸೇರಿಸಿದೆ, ಎಲ್ಲ ಮೆನುವಿಗೂ ಬಂತು.