ಅಕ್ಕನ ಮಗಳ ಜೊತೆ ಮದುವೆ: ನಿಮ್ಮ ಪ್ರಶ್ನೆಗೆ

"ಅಜ್ಜ-ಅಜ್ಜಿ ಸಂಬಂಧದಲ್ಲೇ ಮದುವೆಯಾಗಿ ಚೆನ್ನಾಗಿದ್ದರು, ನಾನು ಅಕ್ಕನ ಮಗಳನ್ನು ಮದುವೆಯಾದರೆ ಏನು ತಪ್ಪು?" ಅಂತ ಕೇಳಿದ್ದೀರಿ. ರೂಢಿ ಇರುವ ಕಡೆ 1955ರ ಹಿಂದೂ ವಿವಾಹ ಕಾಯ್ದೆ ಇದಕ್ಕೆ ಅಡ್ಡ ಬರುವುದಿಲ್ಲ. ಯೋಚಿಸಬೇಕಾದ್ದು ರಕ್ತದ ವಿಷಯ. ಸೋದರಮಾವ, ಅಕ್ಕನ ಮಗಳ ನಡುವೆ ಸುಮಾರು ಕಾಲು ಭಾಗ ವಂಶವಾಹಿಗಳು ಒಂದೇ ಮೂಲದವು, ಹಾಗಾಗಿ ಒಂದೇ ದೋಷ ಇಬ್ಬರಲ್ಲೂ ಇರುವ ಸಾಧ್ಯತೆ ಹೆಚ್ಚು. ಮೈಯಲ್ಲಿ ರಕ್ತ ಸರಿಯಾಗಿ ತಯಾರಾಗದ ಥಲಸ್ಸೀಮಿಯಾದಂಥ ಕಾಯಿಲೆಯ ದೋಷ ಇಬ್ಬರಲ್ಲೂ ಅಡಗಿದ್ದರೆ, ಪ್ರತಿ ಬಸಿರಿನಲ್ಲೂ ಮಗುವಿಗೆ ಅದು ಬರುವ ಸಾಧ್ಯತೆ 25%.

ದಾವಣಗೆರೆಯ ನಮ್ಮಜ್ಜಿಯೂ ಸೋದರಮಾವನನ್ನೇ ಮದುವೆಯಾದವರು. ಮಂಡಕ್ಕಿಗೆ ಒಗ್ಗರಣೆ ಹಾಕುತ್ತಾ "ಏಳು ಹೆತ್ತೆ, ನಾಲ್ಕು ಉಳಿದವು" ಅಂದು ಸುಮ್ಮನಾಗುತ್ತಿದ್ದರು. ಆಗ ಜ್ವರ, ಭೇದಿಗೂ ಮಕ್ಕಳು ಹೋಗುತ್ತಿದ್ದವು. ಇಂಥ ಕಾಯಿಲೆ ಇದ್ದರೂ ಅದರಲ್ಲೇ ಮುಚ್ಚಿಹೋಗುತ್ತಿತ್ತು, ಅಲ್ವಾ?

ಹೊಲ ಒಡೆಯಬಾರದು, ಹುಡುಗಿ ಕಣ್ಣೆದುರಿಗೇ ಇರಲಿ ಅಂತ ಹಿರಿಯರು ಹೀಗೆ ಮಾಡಿದರು. ಅವರನ್ನು ಬೈಯುವುದು ಬೇಡ. ಆದರೆ ಮೊದಲು ಆ ಹುಡುಗಿಯನ್ನು ಕೇಳಿ, ನಿಮ್ಮ ಅಮ್ಮ, ಅಕ್ಕ ಯಾರೂ ಎದುರಿಗೆ ಇಲ್ಲದಾಗ. ನಮ್ಮಜ್ಜಿಯನ್ನು ಯಾರೂ ಕೇಳಲಿಲ್ಲ. ಆ ಹುಡುಗಿ ಒಲ್ಲೆ ಅಂದರೆ ಮಾತು ಅಲ್ಲಿಗೇ ಬಿಡಿ. ಒಪ್ಪಿದರೆ ಇಬ್ಬರೂ ಎಚ್‌ಪಿಎಲ್‌ಸಿ ರಕ್ತಪರೀಕ್ಷೆ ಮಾಡಿಸಿ. ಅದರಲ್ಲಿ ಥಲಸ್ಸೀಮಿಯಾ, ಕುಡುಗೋಲು ರಕ್ತಕಣ (ಸಿಕಲ್ ಸೆಲ್) ಕಾಯಿಲೆಯಂಥವು ಮಾತ್ರ ಗೊತ್ತಾಗುತ್ತವೆ. ಉಳಿದದ್ದಕ್ಕೆ, ವಂಶವಾಹಿ ಕಾಯಿಲೆಗಳ ಬಗ್ಗೆ ಸಲಹೆ ಕೊಡುವ ಜೆನೆಟಿಕ್ ಕೌನ್ಸೆಲರ್ ಹತ್ತಿರ ಎರಡೂ ಮನೆಯ ಕಾಯಿಲೆಗಳನ್ನು ಮುಚ್ಚಿಡದೆ ಹೇಳಿ. ಇದೆಲ್ಲ ಲಗ್ನಪತ್ರಿಕೆ ಬರೆಸುವ ಮುಂಚೆ ಆಗಲಿ.